ಆಳು ಕಡಿತವೋ, ಸಂಬಳ ಕಡಿತವೋ? ಆಸ್ಟ್ರೇಲಿಯಾದ ಫುಟ್‌ಬಾಲ್ ಕ್ಲಬ್‌ಗಳ ಒಂದು ಲೆಕ್ಕ

ವಹಿವಾಟು ಕುಗ್ಗಿದಾಗ ಉದ್ಯಮಿಯ ಕೈ ಮೊದಲು ಹೋಗುವುದು ಸಂಬಳದ ಬಾಬತ್ತಿಗೆ. ಕಟ್ಟಡದ ಬಾಡಿಗೆ, ಬ್ಯಾಂಕಿನ ಬಡ್ಡಿ, ವಿದ್ಯುತ್ತಿನ ಕನಿಷ್ಠ ಶುಲ್ಕ ಇವು ಯಾರ ಮಾತನ್ನೂ ಕೇಳುವುದಿಲ್ಲ. ಮಾತು ಕೇಳುವವನು ನೌಕರನೊಬ್ಬನೇ. ಆಗ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಎಲ್ಲರ ಸಂಬಳವನ್ನೂ ಸ್ವಲ್ಪ ಸ್ವಲ್ಪ ಇಳಿಸುವುದು ಒಂದು; ಕೆಲವರನ್ನು ಪೂರ್ತಿಯಾಗಿ ಬಿಟ್ಟುಕೊಡುವುದು ಇನ್ನೊಂದು. 2020ರಲ್ಲಿ ಈ ಪ್ರಶ್ನೆ ನಮ್ಮ ಅನೇಕ ಸದಸ್ಯರ ಮುಂದೆ ನಿಂತಿತ್ತು. ಅದೇ ತಿಂಗಳುಗಳಲ್ಲಿ ಆಸ್ಟ್ರೇಲಿಯಾದ ವೃತ್ತಿಪರ ಫುಟ್‌ಬಾಲ್ ಕ್ಲಬ್‌ಗಳ ಮುಂದೆಯೂ ನಿಂತಿತ್ತು. ಅಲ್ಲಿನ ತೀರ್ಮಾನಗಳ ಅಂಕಿಗಳು ಬಹುಮಟ್ಟಿಗೆ ಸಾರ್ವಜನಿಕವಾಗಿರುವುದರಿಂದ, ಸಣ್ಣ ಉದ್ಯಮದಲ್ಲಿ ಕಣ್ಣಿಗೆ ಬೀಳದೆ ಹೋಗುವ ಕೆಲವು ಸಂಗತಿಗಳು ಅಲ್ಲಿ ನಿಚ್ಚಳವಾಗಿ ಕಾಣುತ್ತವೆ. ಲೆಕ್ಕಪರಿಶೋಧಕನಾದ ನನಗೆ ಆ ಆಟದ ಚೆಂಡಿಗಿಂತ ಅದರ ಜಮಾ-ಖರ್ಚಿನಲ್ಲಿಯೇ ಹೆಚ್ಚು ಕುತೂಹಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಇಲ್ಲಿ ಫುಟ್‌ಬಾಲ್ ಎಂದರೆ ನಮಗೆ ಪರಿಚಿತವಾದ ಸಾಕರ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ಟಿನಂಥ ಅಂಡಾಕಾರದ ಮೈದಾನ, ಒಂದೊಂದು ಕಡೆಗೆ 18 ಆಟಗಾರರು. ಮೆಲ್ಬರ್ನ್ ನಗರದ ಸುತ್ತ ಬೆಳೆದ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ 1990ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರು ತಳೆಯಿತು. 2012ರಿಂದ ಅದರಲ್ಲಿ 18 ಕ್ಲಬ್‌ಗಳಿವೆ. ನಮ್ಮ ಐ.ಪಿ.ಎಲ್. ತಂಡಗಳಂತೆ ಇವು ಖಾಸಗಿ ಒಡೆಯರ ಸ್ವತ್ತಲ್ಲ. ಬಹುಪಾಲು ಕ್ಲಬ್‌ಗಳು ಸದಸ್ಯರ ಸಂಸ್ಥೆಗಳು. ಲಾಭಾಂಶ ಹಂಚುವ ಷೇರುದಾರರಿಲ್ಲ. ಈ ಒಂದು ಅಂಶವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಲಾಭವನ್ನು ಮನೆಗೆ ಒಯ್ಯುವವನಿಲ್ಲದ ಸಂಸ್ಥೆ ಉಳಿಕೆಯನ್ನು ಏನು ಮಾಡುತ್ತದೆ? ಖರ್ಚು ಮಾಡುತ್ತದೆ. ಸದಸ್ಯನು ಬಯಸುವುದು ಬಡ್ಡಿಯನ್ನಲ್ಲ, ಗೆಲುವನ್ನು. ಹೀಗಾಗಿ ಬಂದ ಪ್ರತಿ ಡಾಲರೂ ಒಳ್ಳೆಯ ಆಟಗಾರನನ್ನು ಪಕ್ಕದ ಕ್ಲಬ್ಬಿನಿಂದ ಸೆಳೆಯುವುದಕ್ಕೆ ಹೋಗುತ್ತದೆ; ಪಕ್ಕದ ಕ್ಲಬ್ಬೂ ಅದನ್ನೇ ಮಾಡುತ್ತದೆ; ಕೊನೆಗೆ ಎಲ್ಲರ ಖರ್ಚೂ ಏರಿ, ಗೆಲ್ಲುವವನು ಮಾತ್ರ ಒಬ್ಬನೇ ಆಗಿರುತ್ತಾನೆ. ಆಟಗಾರರಿಗೆ ಸುರಿದ ಹಣದಿಂದ ಪಂದ್ಯಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ. 1980ರ ದಶಕದ ಆರಂಭದ ವೇಳೆಗೆ ಹಲವಾರು ಕ್ಲಬ್‌ಗಳು ಈ ಪೈಪೋಟಿಯಲ್ಲಿ ಸಾಲದ ಸುಳಿಗೆ ಸಿಕ್ಕಿದ್ದವು. ಸೌತ್ ಮೆಲ್ಬರ್ನ್ ಕ್ಲಬ್ 1982ರಲ್ಲಿ ತನ್ನ ಊರನ್ನೇ ಬಿಟ್ಟು ಸಿಡ್ನಿಗೆ ವಲಸೆ ಹೋಯಿತು. ಫಿಟ್ಜ್‌ರಾಯ್ ಕ್ಲಬ್ ಇನ್ನೂ ಕೆಲವು ವರ್ಷ ಏದುಸಿರು ಬಿಟ್ಟು, 1996ರಲ್ಲಿ ಆಡಳಿತಾಧಿಕಾರಿಯ ಕೈಗೆ ಹೋಗಿ, ಬ್ರಿಸ್ಬೇನ್ ತಂಡದಲ್ಲಿ ವಿಲೀನಗೊಂಡಿತು. ನೂರು ವರ್ಷದ ಅಂಗಡಿಯ ಫಲಕ ಇಳಿಸಿದಂತೆಯೇ ಅದು.

ಈ ಹಿನ್ನೆಲೆಯಲ್ಲಿ 1986ರಲ್ಲಿ ಹೊಸ ಆಟಗಾರರ ಸರದಿ ಆಯ್ಕೆಯೂ, 1987ರಲ್ಲಿ ವೇತನ ಮಿತಿಯೂ ಜಾರಿಗೆ ಬಂದವು. ಮೊದಲ ಮಿತಿ ಕ್ಲಬ್ಬೊಂದಕ್ಕೆ ವರ್ಷಕ್ಕೆ 12.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಈಗ ವೇತನ ಮಿತಿಗೆ ತಳಮಿತಿಯೂ ಉಂಟು: ಮೇಲ್ಮಿತಿಯ ಶೇ. 95ಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಇದರ ಜೊತೆಗೆ ಪಟ್ಟಿಯ ಮಿತಿ, ಅಂದರೆ ಒಂದು ಕ್ಲಬ್ ಎಷ್ಟು ಆಟಗಾರರನ್ನು ಇಟ್ಟುಕೊಳ್ಳಬಹುದೆಂಬ ಕಟ್ಟಳೆ. ಮೇಲ್ಮಿತಿಯನ್ನು ಎಲ್ಲರೂ ಬಲ್ಲರು. ತಳಮಿತಿಯ ಪರಿಣಾಮವನ್ನು ಕಂಡವರು ಕಡಿಮೆ. ಶ್ರೀಮಂತ ಕ್ಲಬ್ಬಿಗೂ ಬಡ ಕ್ಲಬ್ಬಿಗೂ ಸಂಬಳದ ಮೊತ್ತ ಹೆಚ್ಚುಕಡಿಮೆ ಒಂದೇ ಆಗಿಬಿಡುವುದರಿಂದ, ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಸಂಬಳವು ಚರ ವೆಚ್ಚದ ಗುಣ ಕಳೆದುಕೊಂಡು ಸ್ಥಿರ ವೆಚ್ಚವಾಗಿಬಿಡುತ್ತದೆ. ಕಾಲಿಂಗ್‌ವುಡ್‌ನಂಥ ಅಪಾರ ಸದಸ್ಯಬಲದ ಕ್ಲಬ್ಬಿಗೆ ಅದು ಹೊರೆಯಲ್ಲ. ಸಣ್ಣ ಕ್ಲಬ್ಬಿಗೆ ಹಾಸಿಗೆ ಎಷ್ಟೇ ಚಿಕ್ಕದಿರಲಿ, ಕಾಲನ್ನು ಇಷ್ಟು ಚಾಚಲೇಬೇಕೆಂಬ ಆಜ್ಞೆ. ಕೊರತೆಯನ್ನು ಲೀಗ್ ತನ್ನ ದೂರದರ್ಶನ ಹಕ್ಕಿನ ವರಮಾನದಿಂದ ತುಂಬಿಕೊಡುತ್ತದೆ. 2017ರಿಂದ ಆರು ವರ್ಷಗಳಿಗೆ ಆ ಹಕ್ಕಿನ ಬೆಲೆ ಸುಮಾರು 250 ಕೋಟಿ ಡಾಲರ್ ಆಗಿತ್ತು.

ಇನ್ನು 2020ರ ಕಥೆ. ಮಾರ್ಚ್ 19ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಪ್ರೇಕ್ಷಕನೊಬ್ಬನೂ ಇಲ್ಲದೆ ಋತು ಆರಂಭವಾಯಿತು. ಮೊದಲ ಸುತ್ತು ಮುಗಿಯುವಷ್ಟರಲ್ಲಿ, 22ರಂದು, ಎಲ್ಲವೂ ನಿಂತಿತು. ಮಹಿಳೆಯರ ಲೀಗನ್ನು ವಿಜೇತರನ್ನೇ ಘೋಷಿಸದೆ ಮುಗಿಸಿಬಿಟ್ಟರು. ಲೀಗ್ ತನ್ನ ನೌಕರರಲ್ಲಿ ಬಹುತೇಕರನ್ನು ವೇತನವಿಲ್ಲದ ರಜೆಯ ಮೇಲೆ ಕಳುಹಿಸಿತು. ಆಟಗಾರರು ಮೇ ಅಂತ್ಯದವರೆಗೆ ಅರ್ಧ ಸಂಬಳಕ್ಕೆ ಒಪ್ಪಿದರು. ಆಟ ಆಗಲೂ ಆರಂಭವಾಗದಿದ್ದರೆ ಕಡಿತ ಶೇ. 70ಕ್ಕೆ ಏರುವುದೆಂದು ಒಪ್ಪಂದದಲ್ಲಿಯೇ ಬರೆದರು. ಲೀಗ್ 2016ರಲ್ಲಿ ಕೊಂಡಿದ್ದ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣವನ್ನು ಆಧಾರವಾಗಿಟ್ಟು ಎರಡು ದೊಡ್ಡ ಬ್ಯಾಂಕುಗಳಿಂದ 50 ಕೋಟಿ ಡಾಲರಿಗೂ ಮಿಕ್ಕಿದ ಸಾಲದ ಏರ್ಪಾಟು ಮಾಡಿಕೊಂಡಿತು. ಆ ಕ್ರೀಡಾಂಗಣ ಆಸ್ತಿಯ ಪಟ್ಟಿಯಲ್ಲಿ ಇರದಿದ್ದರೆ ಕೆಲವು ಕ್ಲಬ್‌ಗಳ ಹೆಸರು ಇಂದು ಇರುತ್ತಿತ್ತೋ ಇಲ್ಲವೋ. ಸರ್ಕಾರವು ನೌಕರನೊಬ್ಬನಿಗೆ ಹದಿನೈದು ದಿನಕ್ಕೆ 1,500 ಡಾಲರ್ ನೀಡುತ್ತಿದ್ದ ಜಾಬ್‌ಕೀಪರ್ ನೆರವು ಅನೇಕ ಕ್ಲಬ್‌ಗಳ ಕಚೇರಿಗಳನ್ನು ಹಿಡಿದು ನಿಲ್ಲಿಸಿತು. ಸದಸ್ಯತ್ವದ ಹಣ ಕಟ್ಟಿದವರಲ್ಲಿ ಬಹಳ ಮಂದಿ ಪಂದ್ಯ ನೋಡಲಾಗದಿದ್ದರೂ ಹಣ ವಾಪಸು ಕೇಳಲಿಲ್ಲ. ಮುಂಗಡವಾಗಿ ಪಡೆದು ಹೊಣೆಯಾಗಿ ತೋರಿಸಬೇಕಿದ್ದ ಮೊತ್ತ ಹೀಗೆ ದಾನವಾಗಿ ಮಾರ್ಪಟ್ಟಿತು. ಗ್ರಾಹಕನಿಂದ ಇಂಥ ಔದಾರ್ಯ ಪಡೆದ ವ್ಯಾಪಾರಿ ನಮ್ಮಲ್ಲಿ ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಜೂನ್ 11ರಂದು ಆಟ ಮತ್ತೆ ಆರಂಭವಾಯಿತು. 22 ಪಂದ್ಯಗಳ ಬದಲು 17, ಅದೂ ಮೊಟಕುಗೊಳಿಸಿದ ಅವಧಿಯವು. ಅಂತಿಮ ಪಂದ್ಯ ಮೆಲ್ಬರ್ನ್ ಬಿಟ್ಟು ಬ್ರಿಸ್ಬೇನ್ ನಗರದಲ್ಲಿ ನಡೆಯಿತು. ಆ ವರ್ಷ ಲೀಗ್ ತೋರಿಸಿದ ನಷ್ಟ 2.28 ಕೋಟಿ ಡಾಲರ್. ಆದ ಅನಾಹುತದ ಪ್ರಮಾಣಕ್ಕೆ ಹೋಲಿಸಿದರೆ ಇದು ಸಣ್ಣ ಮೊತ್ತ. ಹಾಗಾದರೆ ಪೆಟ್ಟು ಎಲ್ಲಿ ಬಿತ್ತು? ಅದು ಮರುವರ್ಷದ ಕಟ್ಟಳೆಗಳಲ್ಲಿ ಕಾಣುತ್ತದೆ.

2021ಕ್ಕೆ ಮೂರು ಕಡಿತಗಳು ಬಂದವು. ಆಟಗಾರರಿಗೆ ಕ್ಲಬ್ ಕೊಡಬಹುದಾದ ಒಟ್ಟು ಮೊತ್ತದಲ್ಲಿ ಶೇ. 9ರಷ್ಟು ಇಳಿಕೆ. ಪಟ್ಟಿಯ ಗರಿಷ್ಠ ಸಂಖ್ಯೆ 47ರಿಂದ 44ಕ್ಕೆ. ಮೂರನೆಯದು ತರಬೇತುದಾರರು, ಫಿಸಿಯೋಗಳು, ಪ್ರತಿಭಾನ್ವೇಷಕರು ಮುಂತಾದವರನ್ನೊಳಗೊಂಡ ಫುಟ್‌ಬಾಲ್ ವಿಭಾಗದ ವೆಚ್ಚದ ಮಿತಿ: 97 ಲಕ್ಷ ಡಾಲರಿನಿಂದ 62 ಲಕ್ಷಕ್ಕೆ. ಈ ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಳ್ಳಿ. ಆಟಗಾರರ ಬಾಬತ್ತಿನಲ್ಲಿ ಶೇ. 9, ಅವರಿಗೆ ಆಟ ಕಲಿಸುವವರ ಬಾಬತ್ತಿನಲ್ಲಿ ಶೇ. 36.

ಈ ವ್ಯತ್ಯಾಸಕ್ಕೆ ಯಾವ ಆರ್ಥಿಕ ತರ್ಕವೂ ನನಗೆ ಕಾಣುತ್ತಿಲ್ಲ. ಕಾರಣ ಬೇರೆಯೇ ಇದೆ. ಆಟಗಾರರಿಗೆ ಬಲವಾದ ಸಂಘವಿದೆ. ಲೀಗಿನೊಂದಿಗೆ ಆ ಸಂಘ ಸಾಮೂಹಿಕ ಒಪ್ಪಂದ ಮಾಡಿಕೊಂಡಿದೆ. ಅದರ ಒಪ್ಪಿಗೆಯಿಲ್ಲದೆ ಅಂಕಿ ಬದಲಾಗುವುದಿಲ್ಲ. ತರಬೇತುದಾರರಿಗೂ ಸಂಘವೊಂದಿದೆಯಾದರೂ ವೆಚ್ಚದ ಮಿತಿಯನ್ನು ನಿಗದಿ ಮಾಡುವುದು ಲೀಗ್ ಮಾತ್ರ. ಕತ್ತರಿ ಎಲ್ಲಿ ಸುಲಭವಾಗಿ ಹೋಯಿತೋ ಅಲ್ಲಿ ಕತ್ತರಿಸಿದರು. ಕ್ಲಬ್ಬೊಂದಕ್ಕೆ 35 ಲಕ್ಷದಂತೆ 18 ಕ್ಲಬ್ಬಿಗೆ ಮಿತಿಯ ಇಳಿಕೆ 6.3 ಕೋಟಿ ಡಾಲರ್. ಇದು ಮಿತಿಯ ಲೆಕ್ಕ. ಎಲ್ಲ ಕ್ಲಬ್‌ಗಳೂ ಪೂರ್ತಿ ಮಿತಿಯಷ್ಟು ಖರ್ಚು ಮಾಡುತ್ತಿದ್ದವೆಂದು ಹೇಳಲಾಗದು. ಆದರೂ ಸಹಾಯಕ ತರಬೇತುದಾರರು ಗುಂಪುಗುಂಪಾಗಿ ಕೆಲಸ ಬಿಡಬೇಕಾಯಿತು. ಉಳಿದವರು ಇಬ್ಬರ ಕೆಲಸವನ್ನು ಒಬ್ಬರಾಗಿ ಹೊತ್ತರು.

ಇಲ್ಲಿಯೇ ನನ್ನ ಮುಖ್ಯ ಆಕ್ಷೇಪ. ಆಟಗಾರನೆಂಬ ಸ್ವತ್ತಿಗೆ ಲಕ್ಷಾಂತರ ಡಾಲರ್ ಕೊಟ್ಟು, ಆ ಸ್ವತ್ತಿನ ನಿರ್ವಹಣೆಯ ವೆಚ್ಚವನ್ನು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಡಿಯುವುದು, ಹೊಸ ಲೇತ್ ಯಂತ್ರ ಕೊಂಡು ಎಣ್ಣೆ ಹಾಕುವವನನ್ನು ಮನೆಗೆ ಕಳುಹಿಸಿದಂತೆ. ಹದಿನೆಂಟರ ಹರೆಯದಲ್ಲಿ ಆಯ್ಕೆಯಾದ ಹುಡುಗ ಮೊದಲ ದಿನವೇ ಫಲ ಕೊಡುವುದಿಲ್ಲ. ಅವನನ್ನು ಮೂರು ನಾಲ್ಕು ವರ್ಷ ತಿದ್ದಬೇಕು; ತಿದ್ದುವವರು ಈ ಸಹಾಯಕರೇ. ಜೊತೆಗೆ, 2020ರಲ್ಲಿ ವಿಕ್ಟೋರಿಯಾದ ಎರಡನೆಯ ದರ್ಜೆಯ ಲೀಗ್ ಪೂರ್ತಿ ರದ್ದಾಗಿದ್ದರಿಂದ ಕಿರಿಯರಿಗೆ ಕಲಿಯಲು ಸರಿಯಾದ ಪಂದ್ಯಗಳೂ ಇರಲಿಲ್ಲ. ಕಲಿಕೆಯ ವರ್ಷ ಕಳೆದುಹೋಯಿತು. ಮರುವರ್ಷ ಕಲಿಸುವವರೂ ಕಡಿಮೆಯಾದರು. ಇಂಥ ನಷ್ಟವನ್ನು ತೋರಿಸುವ ಕಾಲಂ ಯಾವ ಆಯ-ವ್ಯಯ ಪಟ್ಟಿಯಲ್ಲಿಯೂ ಇಲ್ಲ. ಆ ವರ್ಷದ ಖಾತೆಯಲ್ಲಿ ಅದು ಉಳಿತಾಯವೆಂದೇ ಮೂಡುತ್ತದೆ, ಲೆಕ್ಕಪರಿಶೋಧಕನು ಸಹಿ ಹಾಕಿಯೂ ಬಿಡುತ್ತಾನೆ. ಮಿತಿಯನ್ನು ಮುಂದಿನ ವರ್ಷಗಳಲ್ಲಿ ಮೆಲ್ಲಮೆಲ್ಲನೆ ಮೇಲೆತ್ತಿದರಾದರೂ, ಹೋದವರೆಲ್ಲ ಬಾಗಿಲಲ್ಲಿ ಕಾದು ನಿಂತಿರಲಿಲ್ಲ.

ಪಟ್ಟಿಯ ಮಿತಿಯ ಕಡಿತಕ್ಕೆ ಬರೋಣ. 47ರಿಂದ 44 ಎಂದರೆ ಕೇಳುವುದಕ್ಕೆ ಸಣ್ಣದು. 18 ಕ್ಲಬ್‌ಗಳಿಂದ ಗುಣಿಸಿದರೆ 54 ಜನರ ಜೀವನೋಪಾಯ. ಪಟ್ಟಿಯನ್ನು ಇನ್ನೂ ಕೆಳಗಿಳಿಸಬೇಕೆಂದು ಕ್ಲಬ್‌ಗಳ ವಲಯದಲ್ಲಿ ಒತ್ತಾಯವಿತ್ತು. ಆಟಗಾರರ ಸಂಘ ಸಂಖ್ಯೆಯನ್ನು ಉಳಿಸಿಕೊಳ್ಳಲು ಹೆಣಗಿತು. ಸಂಘದೊಳಗೂ ಈ ಪ್ರಶ್ನೆ ಸುಲಭವಾಗಿರಲಿಲ್ಲವೆಂದು ಊಹಿಸಬಹುದು. ಒಟ್ಟು ಮೊತ್ತ ನಿಗದಿಯಾದ ಮೇಲೆ ಪಟ್ಟಿ ಚಿಕ್ಕದಾದಷ್ಟೂ ಉಳಿದವರ ಪಾಲು ದೊಡ್ಡದು. ಕೊನೆಯ ಮೂವರನ್ನು ಬಿಟ್ಟುಕೊಡುವುದು ಮೊದಲ ಹತ್ತು ಮಂದಿಗೆ ಲಾಭದ ಬಾಬು. ಕೂಡು ಕುಟುಂಬದ ಆಸ್ತಿಯಲ್ಲಿ ಪಾಲುದಾರರು ಕಡಿಮೆಯಾದರೆ ಆಗುವ ಸಂತೋಷದಂಥದೇ ಇದೂ. ಆ ಆಮಿಷಕ್ಕೆ ಪೂರ್ತಿ ಒಳಗಾಗದೆ, ಸಂಬಳದಲ್ಲಿ ಇಳಿಕೆ ಒಪ್ಪಿ ಸಂಖ್ಯೆಯನ್ನು 44ರಲ್ಲಿ ಹಿಡಿದದ್ದು ಆ ಸಂಘಕ್ಕೆ ಶೋಭೆ ತರುವ ಸಂಗತಿ ಎಂದೇ ನನ್ನ ಭಾವನೆ.

ಹೀಗಿದ್ದೂ ಆ ವರ್ಷದ ಕೊನೆಯಲ್ಲಿ ಕ್ಲಬ್‌ಗಳು ಪಟ್ಟಿಯಿಂದ ಕೈಬಿಟ್ಟವರ ಸಂಖ್ಯೆ ದೊಡ್ಡದಾಗಿಯೇ ಇತ್ತು. ನಾರ್ತ್ ಮೆಲ್ಬರ್ನ್ ಕ್ಲಬ್ ಒಂದೇ ಸಲಕ್ಕೆ 11 ಆಟಗಾರರಿಗೆ ಹೊಸ ಕರಾರು ಇಲ್ಲವೆಂದು ತಿಳಿಸಿತು. ಹೊರೆ ಬೀಳುವುದು ಯಾರ ಮೇಲೆ ಎಂಬುದನ್ನೂ ನೋಡಬೇಕು. ತಾರೆಯರಿಗೆ ದೀರ್ಘಕಾಲದ ಕರಾರುಗಳಿರುತ್ತವೆ. ಹೊಸದಾಗಿ ಆಯ್ಕೆಯಾದ ಕಿರಿಯರು ಅಗ್ಗದ ದರದವರು. ನಡುವಿನವನು, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸಿನ, ಕೆಲವು ಹತ್ತು ಪಂದ್ಯಗಳನ್ನಾಡಿದ, ಹೆಚ್ಚು ಹೆಸರಿಲ್ಲದ ಆಟಗಾರ ಮೊದಲು ಉದುರುತ್ತಾನೆ. ಅವನಿಗೆ ಕೊಡುವ ಸಂಬಳ ಕಿರಿಯನಿಗಿಂತ ಹೆಚ್ಚು, ಅವನಿಂದ ಮಾರಾಟವಾಗುವ ಅಂಗಿಗಳು ತಾರೆಗಿಂತ ಕಡಿಮೆ. ನಮ್ಮ ಕಾರ್ಖಾನೆಗಳ ಹಳೆಯ ಮೇಸ್ತ್ರಿಗಳ ಪಾಡನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಟ್ಟಿಯ ಕೊನೆಯ ಜಾಗಕ್ಕೆ ಬೆಲೆಯೇ ಇಲ್ಲ ಎನ್ನುವವರು ಮಾರ್ಲಿಯನ್ ಪಿಕೆಟ್ ಅವರ ಹೆಸರನ್ನು ನೆನೆಯಬೇಕು. 2019ರಲ್ಲಿ ಲೀಗ್ ಋತುಮಧ್ಯದ ಆಯ್ಕೆಯನ್ನು ಮತ್ತೆ ಆರಂಭಿಸಿತು. ಗಾಯಾಳುಗಳಿಂದ ತೆರವಾದ ಜಾಗಕ್ಕೆ ಹೊರಗಿನಿಂದ ಒಬ್ಬನನ್ನು ತುಂಬಿಕೊಳ್ಳುವ ವ್ಯವಸ್ಥೆ ಅದು. ಪಶ್ಚಿಮ ಆಸ್ಟ್ರೇಲಿಯಾದ ಸೌತ್ ಫ್ರೀಮ್ಯಾಂಟಲ್ ತಂಡದಲ್ಲಿ ಆಡುತ್ತಿದ್ದ, ಹಿಂದೆ ಸೆರೆವಾಸವನ್ನೂ ಕಂಡಿದ್ದ, 27ರ ವಯಸ್ಸಿನ ಪಿಕೆಟ್ ಅವರನ್ನು ರಿಚ್‌ಮಂಡ್ ಕ್ಲಬ್ ಆ ದಾರಿಯಲ್ಲಿ ಒಳಗೆ ತಂದುಕೊಂಡಿತು. ಅವರು ಲೀಗಿನಲ್ಲಿ ಮೊದಲ ಪಂದ್ಯ ಆಡಿದ್ದು ಅದೇ ವರ್ಷದ ಅಂತಿಮ ಪಂದ್ಯದಲ್ಲಿ. ರಿಚ್‌ಮಂಡ್ 89 ಅಂಕಗಳಿಂದ ಗೆದ್ದಿತು. ಅಂತಿಮ ಪಂದ್ಯದಲ್ಲಿಯೇ ಪಾದಾರ್ಪಣೆ 1952ರ ನಂತರ ನಡೆದಿರಲಿಲ್ಲ. ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಪಟ್ಟಿಯನ್ನು ಕುಗ್ಗಿಸಿದಾಗ ಕ್ಲಬ್ ಬಿಟ್ಟುಕೊಡುವುದು ಇಂಥ ಅಗ್ಗದ ಸಾಧ್ಯತೆಗಳನ್ನೇ ಎಂಬುದರಲ್ಲಿ ಸಂಶಯವಿಲ್ಲ. ಚಿಕ್ಕ ಪಟ್ಟಿಯಲ್ಲಿ ನಾಲ್ಕಾರು ಗಾಯಗಳಾದರೆ ಅರೆಬರೆ ಗುಣವಾದವನನ್ನೇ ಕಣಕ್ಕಿಳಿಸಬೇಕಾಗುತ್ತದೆ. ಆ ಖರ್ಚು ಮುಂದಿನ ವರ್ಷದ ಖಾತೆಗೆ ಬೀಳುತ್ತದೆ.

ಮುಂದಿನ ವರ್ಷದ ಖಾತೆ ಎಂದೊಡನೆ ಕಾಲಿಂಗ್‌ವುಡ್ ಕ್ಲಬ್ಬಿನ ಪ್ರಕರಣ ನೆನಪಾಗುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಇಡೀ ವಿಷಯದಲ್ಲಿ ಸ್ವಾರಸ್ಯವಾದ ಭಾಗ ಇದೇ. ವೇತನ ಮಿತಿ ವರ್ಷ ವರ್ಷವೂ ಏರುತ್ತಲೇ ಇರುವುದೆಂಬ ನಂಬಿಕೆಯ ಮೇಲೆ ಕ್ಲಬ್‌ಗಳು ಕರಾರುಗಳನ್ನು ಬರೆಯುತ್ತಿದ್ದವು. ಈ ವರ್ಷ ಕಡಿಮೆ ತೆಗೆದುಕೋ, ಮುಂದಿನ ವರ್ಷಗಳಲ್ಲಿ ಹೆಚ್ಚು ಕೊಡುತ್ತೇವೆ ಎಂಬ ಧಾಟಿ. ಇಂದಿನ ತಂಡ ಗೆಲ್ಲಲೆಂದು ನಾಳೆಯ ಹಣವನ್ನು ಒತ್ತೆಯಿಡುವುದು. ನಮ್ಮಲ್ಲಿ ತಾರೀಖು ಮುಂದೂಡಿದ ಚೆಕ್ಕಿನ ಮೇಲೆ ಸರಕು ಎತ್ತುವವರ ಲೆಕ್ಕವೂ ಇದೇ. ಮಿತಿ ಏರುವ ಬದಲು ಶೇ. 9 ಇಳಿದಾಗ ಚೆಕ್ಕುಗಳೆಲ್ಲ ಒಟ್ಟಿಗೆ ಬ್ಯಾಂಕಿಗೆ ಬಂದವು. 2020ರ ವಿನಿಮಯದ ಅವಧಿಯಲ್ಲಿ ಕಾಲಿಂಗ್‌ವುಡ್ ಒಂದೇ ಸಲಕ್ಕೆ ಆಡಮ್ ಟ್ರೆಲೋರ್, ಜೇಡನ್ ಸ್ಟೀಫನ್‌ಸನ್, ಟಾಮ್ ಫಿಲಿಪ್ಸ್ ಎಂಬ ಮೂವರು ಆಟಗಾರರನ್ನು ಬೇರೆ ಕ್ಲಬ್‌ಗಳಿಗೆ ಬಿಟ್ಟುಕೊಟ್ಟಿತು. ಟ್ರೆಲೋರ್ ಅವರಿಗೆ 2025ರವರೆಗೆ ಕರಾರು ಇತ್ತು. ಅವರನ್ನು ವೆಸ್ಟರ್ನ್ ಬುಲ್‌ಡಾಗ್ಸ್ ತಂಡಕ್ಕೆ ಕಳುಹಿಸಿದ ಮೇಲೆಯೂ ಸಂಬಳದ ಒಂದು ಭಾಗವನ್ನು ಕಾಲಿಂಗ್‌ವುಡ್ ತಾನೇ ಹೊರಬೇಕಾಯಿತು. ಸರಕು ಎದುರಾಳಿಯ ಗೋದಾಮಿನಲ್ಲಿ, ಕಂತು ನಮ್ಮ ಖಾತೆಯಲ್ಲಿ. ಬುಲ್‌ಡಾಗ್ಸ್ ಮರುವರ್ಷವೇ ಅಂತಿಮ ಪಂದ್ಯಕ್ಕೆ ತಲುಪಿತು. ಏಳು ವರ್ಷದ ಕರಾರು ಪಡೆದಿದ್ದ ಬ್ರಾಡಿ ಗ್ರಂಡಿ ಅವರ ವಿಷಯದಲ್ಲಿಯೂ 2022ರಲ್ಲಿ ಇದೇ ಮಾದರಿ ನಡೆಯಿತು.

ಇದೇ ಕಾಲಿಂಗ್‌ವುಡ್ 2023ರಲ್ಲಿ ನಾಲ್ಕು ಅಂಕಗಳ ಅಂತರದಿಂದ ಪ್ರಶಸ್ತಿ ಗೆದ್ದಿತು ಎಂದು ಬಲ್ಲವರು ಆಕ್ಷೇಪಿಸಬಹುದು. ಸರಿ. ಹೊಣೆಯನ್ನು ತಡಮಾಡದೆ ಒಪ್ಪಿಕೊಂಡು ನಷ್ಟವನ್ನು ಆ ವರ್ಷವೇ ಬರೆದುಹಾಕಿದವನು ಬೇಗ ಚೇತರಿಸಿಕೊಳ್ಳುತ್ತಾನೆ ಎಂಬ ನನ್ನ ವಾದಕ್ಕೆ ಅದು ಪುಷ್ಟಿಯೇ. ಆದರೆ ಆ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಕಾಲಿಂಗ್‌ವುಡ್ಡಿಗೆ ಇತ್ತು. ಮಿತಿಗಳು ಎಲ್ಲರಿಗೂ ಒಂದೇ ಆಗಿದ್ದರೂ ಅವು ಎಲ್ಲರನ್ನೂ ಒಂದೇ ಬಿಗಿಯಲ್ಲಿ ಕಟ್ಟುವುದಿಲ್ಲ.

ವೇತನ ಮಿತಿ ಎಂಬುದೇ ಅನ್ಯಾಯ, ದುಡಿಯುವವನ ಬೆಲೆಯನ್ನು ಮಾರುಕಟ್ಟೆ ನಿರ್ಧರಿಸಲಿ ಎನ್ನುವವರೂ ಇದ್ದಾರೆ. ವ್ಯಾಪಾರಿಗಳ ಪತ್ರಿಕೆಯಲ್ಲಿ ಈ ವಾದಕ್ಕೆ ಸಹಜವಾಗಿ ಒಲವಿರುತ್ತದೆ. ನಾನು ಒಪ್ಪಲಾರೆ. ಎರಡು ಅಂಗಡಿಗಳಲ್ಲಿ ಒಂದು ಮುಚ್ಚಿದರೆ ಇನ್ನೊಂದಕ್ಕೆ ಲಾಭ. ಎರಡು ಕ್ಲಬ್‌ಗಳಲ್ಲಿ ಒಂದು ಮುಚ್ಚಿದರೆ ಇನ್ನೊಂದಕ್ಕೆ ಆಡಲು ಎದುರಾಳಿಯೇ ಇಲ್ಲ. ಮಿತಿ ಇದ್ದೂ ಅದನ್ನು ಮೀರಿದವರ ಗತಿ ಏನಾಯಿತೆಂಬುದಕ್ಕೂ ದಾಖಲೆ ಇದೆ. ಲೆಕ್ಕಕ್ಕೆ ಹೊರತಾಗಿ ಆಟಗಾರರಿಗೆ ಹಣ ಸಂದಾಯ ಮಾಡಿದ್ದಕ್ಕಾಗಿ ಕಾರ್ಲ್‌ಟನ್ ಕ್ಲಬ್ಬಿಗೆ 2002ರಲ್ಲಿ 9.3 ಲಕ್ಷ ಡಾಲರ್ ದಂಡ ಬಿತ್ತು; ಜೊತೆಗೆ ಹೊಸ ಆಟಗಾರರ ಆಯ್ಕೆಯಲ್ಲಿ ಅದರ ಮುಂಚೂಣಿಯ ಸರದಿಗಳನ್ನೂ ಕಿತ್ತುಕೊಳ್ಳಲಾಯಿತು. ದಂಡ ಕಟ್ಟಿ ಮುಗಿಯಿತು. ಕಳೆದುಕೊಂಡ ಸರದಿಗಳ ಪೆಟ್ಟಿನಿಂದ ಆ ಹೆಸರಾಂತ ಕ್ಲಬ್ ಹಲವು ವರ್ಷ ಪಟ್ಟಿಯ ತಳದಲ್ಲಿಯೇ ಉಳಿಯಿತು. ಎರಡು ಲೆಕ್ಕದ ಪುಸ್ತಕ ಇಡುವವರು ದಂಡದ ಮೊತ್ತವನ್ನಷ್ಟೇ ಎಣಿಸುತ್ತಾರೆ ಎಂದು ಇಲ್ಲಿ ಸೇರಿಸಿದರೆ ಓದುಗರು ಬೇಸರಿಸಬಾರದು.

ನನ್ನ ತಕರಾರು ಮಿತಿಯ ಬಗ್ಗೆ ಅಲ್ಲ, ಮಿತಿಯನ್ನು ಇಳಿಸುವ ಕ್ರಮದ ಬಗ್ಗೆ. ಆಟಗಾರರ ಮಿತಿಗೆ ಚರ್ಚೆಯಿದೆ, ತಳಮಿತಿಯಿದೆ, ಸಹಿ ಮಾಡಿದ ಒಪ್ಪಂದವಿದೆ. ತರಬೇತಿಯ ಮಿತಿಗೆ ಮೇಲ್ಚಾವಣಿ ಮಾತ್ರ, ಕೆಳಗೆ ನೆಲವಿಲ್ಲ. ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡಕೂಡದೆಂಬ ನಿಯಮ ಆಟಗಾರರ ಸಂಬಳಕ್ಕಿದ್ದಂತೆ ಕಿರಿಯರ ತರಬೇತಿಗೂ ಇರಬೇಕಿತ್ತು. ಬಿಕ್ಕಟ್ಟಿನ ವರ್ಷದಲ್ಲಿ ಬಡ ಕ್ಲಬ್ ಎಲ್ಲಕ್ಕಿಂತ ಮೊದಲು ಕಡಿಯುವುದು ಅಲ್ಲಿಯೇ. ಒಳ್ಳೆಯ ಆಟಗಾರರನ್ನು ಹಣ ಕೊಟ್ಟು ಸೆಳೆಯಲಾರದ ಅದೇ ಕ್ಲಬ್ಬಿಗೆ ಆಟಗಾರರನ್ನು ಬೆಳೆಸಿಕೊಳ್ಳುವುದು ಎಲ್ಲರಿಗಿಂತ ಹೆಚ್ಚು ಅಗತ್ಯ.

ಒಳ್ಳೆಯ ದಿನಗಳು ಮರಳಿದ ಮೇಲೆ ಅಂಕಿಗಳು ಮತ್ತೆ ಮೇಲೆ ಹಾರಿದವು. 2022ರಲ್ಲಿ ಲೀಗ್ 2025ರಿಂದ ಏಳು ವರ್ಷಗಳ ಪ್ರಸಾರ ಹಕ್ಕನ್ನು 450 ಕೋಟಿ ಡಾಲರಿಗೆ ಮಾರಿತು. 2023ರ ಸೆಪ್ಟೆಂಬರಿನಲ್ಲಿ ಆಟಗಾರರ ಸಂಘದೊಂದಿಗೆ ಪುರುಷ ಹಾಗೂ ಮಹಿಳಾ ಆಟಗಾರರಿಬ್ಬರನ್ನೂ ಒಳಗೊಂಡ 220 ಕೋಟಿ ಡಾಲರಿನ ಐದು ವರ್ಷದ ಒಪ್ಪಂದವಾಯಿತು. ಅದರಂತೆ 2027ರ ವೇಳೆಗೆ ಪುರುಷ ಆಟಗಾರನ ಸರಾಸರಿ ವಾರ್ಷಿಕ ಸಂಬಳ 5.19 ಲಕ್ಷ ಡಾಲರ್ ಮುಟ್ಟುತ್ತದೆ. 2023ರ ಮೇ ತಿಂಗಳಲ್ಲಿ ಟಾಸ್ಮೇನಿಯಾ ದ್ವೀಪಕ್ಕೆ ಹತ್ತೊಂಬತ್ತನೆಯ ಪರವಾನಗಿಯನ್ನೂ ನೀಡಲಾಯಿತು. 2028ರಲ್ಲಿ ಕಣಕ್ಕಿಳಿಯುವುದೆಂದು ನಿಗದಿಯಾಗಿರುವ ಆ ಕ್ಲಬ್ ಹೊಸದಾಗಿ ನಲವತ್ತರಷ್ಟು ಆಟಗಾರರನ್ನು ಒಟ್ಟುಗೂಡಿಸಬೇಕು. 2021ರಲ್ಲಿ ಇಲ್ಲವಾದ 54 ಜಾಗಗಳಲ್ಲಿ ಬಹುಪಾಲು ಆಗ ಸಂಖ್ಯೆಯ ಲೆಕ್ಕದಲ್ಲಿ ತುಂಬಿಕೊಳ್ಳುತ್ತದೆ. ಆದರೆ ಆ ಹೊತ್ತಿಗೆ 2021ರಲ್ಲಿ ಪಟ್ಟಿಯಿಂದ ಜಾರಿದವರ ವಯಸ್ಸು ಆಟಕ್ಕೆ ಮೀರಿರುತ್ತದೆ, ಅವರ ಜೊತೆಗೆ ಹೊರಬಿದ್ದ ಸಹಾಯಕ ತರಬೇತುದಾರರಿಗೆ ಬೇರೆ ಕಸುಬು ಹಿಡಿದು ಏಳು ವರ್ಷ ಕಳೆದಿರುತ್ತದೆ.